ಹುಲ್ಲಿಗೂ ಉಸಿರು ಕಟ್ಟುತ್ತದೆ!

ನಮ್ಮ ದೊಡ್ಡಬೆಳವಂಗಲದ ಕಡೆ ರಾಗಿ ಪೈರು ಗೇಣುದ್ದ ಬರುವ ಮುಂಚೆಯೇ ಹೊಲಕ್ಕೆ ಕುಂಟೆ ಇಳಿಯುತ್ತದೆ. ಸಾಲಿನ ನಡುವೆ ಎತ್ತು ನಡೆಯುತ್ತವೆ. ಪೈರಿಗೆ ಬಾಯಿ ಹಾಕದಿರಲಿ ಎಂದು ಅವುಗಳ ಮೂತಿಗೆ ಕುಕ್ಕೆ ಕಟ್ಟಿರುತ್ತಾರೆ. ಹಿಂದೆ ಎಡೆಕುಂಟೆಯ ಅಲಗು ಮಣ್ಣಿನ ಮೇಲ್ಪದರವನ್ನು ಸೀಳುತ್ತಾ ಹೋಗುತ್ತದೆ. ಈಗ ಎತ್ತು ಕಡಿಮೆಯಾಗಿವೆ, ಆದರೂ ಕೆಲವರು ಈ ಕೆಲಸಕ್ಕೆಂದೇ ಒಂದು ಜೋಡಿಯನ್ನು ಬಾಡಿಗೆಗೆ ಕರೆಸುತ್ತಾರೆ.

ಮಕ್ಕಳೇ, ಕುಂಟೆ ಯಾಕೆ ಹೊಡೆಯುತ್ತಾರೆ ಎಂದು ನಿಮ್ಮ ತಾತನನ್ನು ಕೇಳಿ ನೋಡಿ. "ಕಳೆ ಹೋಗಲಿ ಅಂತ" ಎನ್ನುತ್ತಾರೆ. ನಿಜ, ಆದರೆ ಅದು ಅರ್ಧ ಉತ್ತರ. ನಮ್ಮ ಕೆಂಪು ಮಣ್ಣಿನ ಗುಣ ಗೊತ್ತಲ್ಲ? ಜೋರು ಮಳೆ ಬಂದು, ಎರಡು ದಿನ ಬಿಸಿಲು ಬಿದ್ದರೆ ಮೇಲೆ ಚಪಾತಿಯಂತೆ ಒಂದು ಪದರ ಗಟ್ಟಿಯಾಗಿಬಿಡುತ್ತದೆ. ಕಳೆ ಇಲ್ಲದಿದ್ದರೂ ಆ ಪದರವನ್ನು ಒಡೆಯಬೇಕು. ಒಡೆಯದಿದ್ದರೆ ಪೈರು ಬಿಳಚಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಒಡೆದ ಕೆಲವು ದಿನಕ್ಕೆ ಹಸಿರು ತಿರುಗುತ್ತದೆ. ಬೇರಿಗೆ ಗಾಳಿ ಆಡಿತು ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ.

ಹೊಲಕ್ಕೆ ಬೇಕಾದ ಈ ಗಾಳಿ ಮನೆಮುಂದಿನ ಹುಲ್ಲಿಗೂ ಬೇಕು ಎಂಬುದನ್ನು ಈ ಸಲ ನಮ್ಮ ಅಂಗಳದಲ್ಲಿ ನೋಡಿದೆವು. ಅದರ ಕಥೆಯನ್ನೇ ಹೇಳುತ್ತೇನೆ.

ನಮ್ಮ ಮನೆಯ ಮುಂದೆ ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲದ ಹುಲ್ಲುಹಾಸು ಇದೆ. ದುಡ್ಡು ಕೊಟ್ಟು ತಂದು ಚಾಪೆಯಂತೆ ಹಾಸಿದ ಹುಲ್ಲಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆ. ಹೊರದೇಶಗಳ ಆಟದ ಮೈದಾನಗಳಲ್ಲಿ ಬರ್ಮುಡಾ ಹುಲ್ಲು ಎಂಬ ಹೆಸರಿನಲ್ಲಿ ಬೆಳೆಸುವುದೂ ಇದೇ ಗರಿಕೆಯನ್ನು, ಇಲ್ಲವೇ ಅದರ ಹತ್ತಿರದ ಬಂಧುಗಳನ್ನು. ತುಳಿದರೂ ಸಾಯುವುದಿಲ್ಲ, ಬಿಸಿಲಿಗೆ ಒಣಗಿದರೂ ಒಂದು ಮಳೆಗೆ ಎದ್ದು ಕೂರುತ್ತದೆ. ಅಂಥ ಗರಿಕೆಯೂ ನಮ್ಮ ಅಂಗಳದಲ್ಲಿ ಸೋತಿತ್ತು. ಗೇಟಿನಿಂದ ಜಗುಲಿಯವರೆಗೆ ಎಲ್ಲರೂ ನಡೆದು ನಡೆದು ಬೋಳು ದಾರಿ ಬಿದ್ದಿತ್ತು. ಮೊಮ್ಮಗ ಮತ್ತವನ ಗೆಳೆಯರು ವಿಕೆಟ್ ನೆಡುವ ಜಾಗ ಸಿಮೆಂಟಿನಂತಾಗಿತ್ತು. ಸ್ಕೂಟರ್ ನಿಲ್ಲಿಸುವ ಮೂಲೆಯನ್ನು ಕೇಳಲೇಬೇಡಿ. ಮಳೆ ಬಂದರೆ ಈ ಮೂರೂ ಕಡೆ ನೀರು ನಿಂತು ಪಾಚಿ ಕಟ್ಟುತ್ತಿತ್ತು.

ಮಗನಿಗೆ ಯೋಚನೆ ಹತ್ತಿದ್ದು ಆ ಪಾಚಿಯಿಂದ. ನನ್ನ ಹೆಂಡತಿಗೆ ಮಂಡಿನೋವು. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಹುಲ್ಲಿನ ಮೇಲೆ ಹತ್ತು ಸುತ್ತು ಹಾಕಿದರಷ್ಟೇ ಅವಳಿಗೆ ಸಮಾಧಾನ. "ಅಮ್ಮ ಒಂದು ದಿನ ಜಾರಿ ಬಿದ್ದರೆ ಏನ್ಮಾಡೋದಪ್ಪ? ಪೂರ್ತಿ ಇಂಟರ್‌ಲಾಕ್ ಟೈಲ್ಸ್ ಹಾಕಿಸಿಬಿಡೋಣ. ಗುಡಿಸೋದೂ ಸುಲಭ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಬೀದಿಯಲ್ಲಿ ಮಣ್ಣು ಕಾಣುವ ಅಂಗಳ ಉಳಿದಿರುವುದೇ ಮೂರೋ ನಾಲ್ಕೋ. ಅಳತೆಯವರು ಬಂದು ಟೇಪು ಹಿಡಿದು ಲೆಕ್ಕ ಬರೆದುಕೊಂಡೂ ಹೋದರು.

ಮೊಮ್ಮಗಳಿಗೆ ಮಾತ್ರ ಒಪ್ಪಿಗೆಯಿಲ್ಲ. ಅವಳು ನಾಲ್ಕನೇ ತರಗತಿ. "ತಾತ, ಹುಲ್ಲು ಯಾಕೆ ಸತ್ತೋಯ್ತು ಅಂತ ನೋಡದೇನೇ ಅದರ ಮೇಲೆ ಕಲ್ಲು ಹಾಕ್ತಾರಾ?" ಎಂದಳು. ಪಾಠ ಹೇಳಿ ನಿವೃತ್ತನಾದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುವುದುಂಟೇ? ಮಗನ ಹತ್ತಿರ ಎರಡು ತಿಂಗಳ ವಾಯಿದೆ ಕೇಳಿದೆ. ಮುಂಗಾರು ಆಗತಾನೇ ಶುರುವಾಗಿತ್ತು.

ಮೊದಲು ಎರಡು ಪ್ರಯೋಗ ಮಾಡಿದೆವು. ನೀವೂ ಮಾಡಬಹುದು, ಖರ್ಚಿಲ್ಲ.

ಒಂದು ಗಾಜಿನ ಲೋಟಕ್ಕೆ ಹೂವಿನ ಗಿಡದ ಬುಡದ ಸಡಿಲ, ಒಣ ಮಣ್ಣನ್ನು ಮುಕ್ಕಾಲು ಭಾಗ ತುಂಬಿ. ಮೇಲಿನಿಂದ ನಿಧಾನವಾಗಿ ನೀರು ಸುರಿಯಿರಿ. ಗುಳುಗುಳು ಎಂದು ಗುಳ್ಳೆ ಏಳುತ್ತವೆ. ಅವು ಎಲ್ಲಿಂದ ಬಂದವು? ಮಣ್ಣಿನ ಕಣಗಳ ನಡುವೆ ಕೂತಿದ್ದ ಗಾಳಿ ಅದು. ನೀರು ಒಳಗೆ ಬಂದಾಗ ಜಾಗ ಬಿಟ್ಟು ಹೊರಬಿತ್ತು. ಒಳ್ಳೆಯ ತೋಟದ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಮಾತ್ರ ಗಟ್ಟಿ ಪದಾರ್ಥ. ಉಳಿದರ್ಧ ಬರೀ ಸಂದು. ಆ ಸಂದುಗಳಲ್ಲಿ ಅರ್ಧ ನೀರು, ಅರ್ಧ ಗಾಳಿ ಇದ್ದರೆ ಗಿಡಕ್ಕೆ ಹಬ್ಬ. ತುಳಿದ ನೆಲದಲ್ಲಿ ಆಗುವುದೇನೆಂದರೆ ಕಣಗಳು ಒಂದರ ಮೇಲೊಂದು ಒತ್ತಿಕೊಂಡು ಸಂದುಗಳೇ ಮುಚ್ಚಿಹೋಗುತ್ತವೆ. ಅದರಲ್ಲೂ ಮಣ್ಣು ಒದ್ದೆಯಿದ್ದಾಗ ತುಳಿದರೆ ಇನ್ನೂ ಹೆಚ್ಚು.

ಗಿಡಕ್ಕೆ ಗಾಳಿ ಎಲೆಯಿಂದಲೇ ಸಿಗುತ್ತದಲ್ಲ ಎಂದು ಮೊಮ್ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಎಲೆ ಆಮ್ಲಜನಕ ತಯಾರಿಸುತ್ತದೆ, ನಿಜ. ಆದರೆ ಗಿಡಕ್ಕೆ ನಮ್ಮ ಹಾಗೆ ಶ್ವಾಸಕೋಶವೂ ಇಲ್ಲ, ಆಮ್ಲಜನಕವನ್ನು ಮೈಯೆಲ್ಲಾ ಹೊತ್ತೊಯ್ಯುವ ರಕ್ತವೂ ಇಲ್ಲ. ಬೇರು ತನ್ನ ಉಸಿರಿಗೆ ಬೇಕಾದ ಆಮ್ಲಜನಕವನ್ನು ಬಹುಪಾಲು ಸುತ್ತಲಿನ ಮಣ್ಣಿನಿಂದಲೇ ಪಡೆಯಬೇಕು. ಬೇರು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಲೂ ದಾರಿ ಬೇಕು. ಮಣ್ಣಿನ ಸಂದು ನೀರಿನಿಂದ ತುಂಬಿಹೋದರೆ ಆಮ್ಲಜನಕದ ಓಡಾಟ ಪೂರ್ತಿ ಮಂದವಾಗುತ್ತದೆ. ಗಾಳಿಯಲ್ಲಿ ಅದು ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ.

ಅಜ್ಜಿಯಂದಿರು ಇದನ್ನು ತುಳಸಿ ಕುಂಡದಲ್ಲಿ ನೋಡಿಯೇ ಇರುತ್ತೀರಿ. ತಳದ ತೂತು ಮುಚ್ಚಿಹೋಗಿರುತ್ತದೆ, ಭಕ್ತಿಯಿಂದ ದಿನಾ ಎರಡು ಚೊಂಬು ನೀರು ಬೀಳುತ್ತಿರುತ್ತದೆ, ಗಿಡ ಮಾತ್ರ ಬಾಡುತ್ತದೆ. ಬಾಡಿತಲ್ಲ ಎಂದು ಮೂರನೇ ಚೊಂಬು! ಪಾಪ, ಅದು ಬಾಯಾರಿ ಬಾಡಿದ್ದಲ್ಲ, ಬೇರಿಗೆ ಉಸಿರು ಸಿಗದೆ ಬಾಡಿದ್ದು.

ಹಾಗಾದರೆ ಭತ್ತ, ತಾವರೆ ನೀರಿನಲ್ಲೇ ಬದುಕುವುದು ಹೇಗೆ? ತಾವರೆ ದಂಟನ್ನು ಅಡ್ಡಕ್ಕೆ ಕತ್ತರಿಸಿ ನೋಡಿ, ಉದ್ದಕ್ಕೂ ಕೊಳವೆಗಳಿರುತ್ತವೆ. ಮೇಲಿನ ಗಾಳಿ ಆ ಕೊಳವೆಗಳಲ್ಲಿ ಇಳಿದು ಕೆಸರಿನೊಳಕ್ಕೆ ಹೋಗುತ್ತದೆ. ಭತ್ತದ ಬೇರಿಗೂ ಅಂಥದೇ ವ್ಯವಸ್ಥೆ ಉಂಟು. ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿಗೆ ಹೋದರೆ, ಉಸಿರಾಡಲೆಂದೇ ಕೆಸರಿನಿಂದ ಪೆನ್ಸಿಲ್‌ಗಳಂತೆ ಮೇಲೆದ್ದ ಬೇರುಗಳನ್ನು ಕಾಣಬಹುದು. ನಮ್ಮ ರಾಗಿಗೂ ಗರಿಕೆಗೂ ಆ ಮಟ್ಟದ ಸೌಕರ್ಯವಿಲ್ಲ. ಅವಕ್ಕೆ ಮಣ್ಣೇ ಸಡಿಲವಿರಬೇಕು.

ಎರಡನೇ ಪ್ರಯೋಗಕ್ಕೆ ಹಳೆಯ ಹಾಲಿನ ಪುಡಿ ಡಬ್ಬದ ತಳವನ್ನು ತೆಗೆಸಿದೆ. ಅಂಚು ಕುಯ್ಯುತ್ತದೆ, ಇದನ್ನು ದೊಡ್ಡವರೇ ಮಾಡಬೇಕು. ಡಬ್ಬವನ್ನು ನೆಲದಲ್ಲಿ ಎರಡು ಬೆರಳಿನಷ್ಟು ಒತ್ತಿ ನಿಲ್ಲಿಸಿ, ಒಂದು ಲೋಟ ನೀರು ಹೊಯ್ದು, ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ಗಡಿಯಾರ ನೋಡಬೇಕು. ದಾಸವಾಳದ ಬುಡದಲ್ಲಿ ನಾವು ಮಾತಾಡುತ್ತಿದ್ದಂತೆಯೇ ನೀರು ಮಾಯ. ಕ್ರಿಕೆಟ್ ಜಾಗದಲ್ಲಿ ಇಟ್ಟೆವು. ಮೊಮ್ಮಗಳು ಒಳಗೆ ಹೋಗಿ ಹಾಲು ಕುಡಿದು, ಜಡೆ ಹಾಕಿಸಿಕೊಂಡು ಬಂದರೂ ಡಬ್ಬದಲ್ಲಿ ನೀರು ಹಾಗೇ ಹೊಳೆಯುತ್ತಿತ್ತು. ಮಗನೂ ಬಗ್ಗಿ ನೋಡಿದ. ಏನೂ ಹೇಳಲಿಲ್ಲ.

ಅವತ್ತು ಸಂಜೆ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟೆ. ನಮ್ಮ ಅಂಗಳ 400 ಚದರಡಿ, ಅಂದರೆ ಸುಮಾರು 37 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಎಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಒಳ್ಳೆಯ ಮಳೆಗೆ 25 ಮಿ.ಮೀ. ಬಿತ್ತು ಎನ್ನಿ. 37 ಗುಣಿಸು 25, ಒಟ್ಟು 925 ಲೀಟರ್! ಇಷ್ಟು ನೀರು ನೆಲಕ್ಕಿಳಿಯುತ್ತದೋ, ಟೈಲ್ಸ್ ಮೇಲೆ ಜಾರಿ ಚರಂಡಿಗೆ ಹೋಗುತ್ತದೋ ಎನ್ನುವುದು ಸಣ್ಣ ಮಾತಲ್ಲ. ಅಂತರ್ಜಲವನ್ನು ಅತಿಯಾಗಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ದೊಡ್ಡಬಳ್ಳಾಪುರವೂ ಇದೆ. ಬೋರ್‌ವೆಲ್ ಕೊರೆಸಿದವರ ಮನೆಯಲ್ಲಿ ಕೇಳಿ, ಎಷ್ಟು ಅಡಿಗೆ ನೀರು ಸಿಕ್ಕಿತು ಎಂದು.

ಇನ್ನು ಕೆಲಸದ ಮಾತು. ಹುಲ್ಲುಹಾಸಿಗೆ ಹೊಲದ ಹಾಗೆ ಕುಂಟೆ ಹೊಡೆಯಲು ಬರುವುದಿಲ್ಲ, ಹುಲ್ಲೇ ಕಿತ್ತು ಬರುತ್ತದೆ. ಅದಕ್ಕೇ ತೂತು ಹಾಕುವುದು. ಹಾರೆಯಿಂದ ಚುಚ್ಚಿದರಾಗದೇ ಎಂದರೆ, ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಹಾರೆ ಒಳಗೆ ಹೋಗುವಾಗ ಮಣ್ಣನ್ನು ಪಕ್ಕಕ್ಕೆ ಒತ್ತುತ್ತದೆ, ತೂತಿನ ಗೋಡೆ ಇನ್ನೂ ಬಿಗಿಯಾಗುತ್ತದೆ. ಅಡಿಗೆ ಮೊಳೆ ಹೊಡೆದ ಚಪ್ಪಲಿಗಳನ್ನೂ ಈಗ ಆನ್‌ಲೈನಿನಲ್ಲಿ ಮಾರುತ್ತಾರೆ. ಹಾಕಿಕೊಂಡು ಹುಲ್ಲಿನ ಮೇಲೆ ಓಡಾಡಬೇಕಂತೆ. ಅದರಿಂದ ಹುಲ್ಲಿಗಿಂತ ನೋಡುವವರಿಗೆ ಹೆಚ್ಚು ಸಂತೋಷ ಎಂದು ನನ್ನ ಅಭಿಪ್ರಾಯ. ಸರಿಯಾದ ದಾರಿ ಮಣ್ಣನ್ನು ಹೊರಗೆ ತೆಗೆಯುವುದು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಎರಡು ಕಬ್ಬಿಣದ ಪೈಪ್ ತುಂಡುಗಳನ್ನು ಅರ್ಧ ಗೇಣು ಅಂತರದಲ್ಲಿ ಒಂದು ಪಟ್ಟಿಗೆ ಬೆಸೆಸಿ, ಮೇಲೆ ಹಿಡಿ ಹಾಕಿಸಿದೆ. ಪಟ್ಟಿಯ ಮೇಲೆ ಕಾಲಿಟ್ಟು ಒತ್ತಿದರೆ ಪೈಪಿನ ಚೂಪು ಬಾಯಿ ಮೂರು ನಾಲ್ಕು ಇಂಚು ಇಳಿಯುತ್ತದೆ. ಎಳೆದರೆ ಮಣ್ಣು ಚಕ್ಕುಲಿ ಒರಳಿನ ಹಿಟ್ಟಿನಂತೆ ಕೊಳವೆಯಾಕಾರದಲ್ಲಿ ಬರುತ್ತದೆ. ಒಳಗೆ ಸಿಕ್ಕಿಕೊಂಡದ್ದನ್ನು ಕಡ್ಡಿಯಿಂದ ನೂಕಬೇಕು.

ನೆಲದ ಹದ ಮುಖ್ಯ. ಒಣಗಿದ್ದರೆ ಪೈಪ್ ಇಳಿಯದು, ಕೆಸರಾಗಿದ್ದರೆ ಇನ್ನಷ್ಟು ತುಳಿದಂತಾಗುತ್ತದೆ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಬೆರಳಿನಿಂದ ತಟ್ಟಿ. ಉಂಡೆ ಉದುರಿದರೆ ಅದೇ ಹದ. ಮುದ್ದೆ ಕಟ್ಟುವ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಂಡೆ ನೋಡಿ ಇವತ್ತು ಬೇಡ, ನಾಳೆ ಎಂದು ತೀರ್ಪು ಕೊಟ್ಟವಳು ನನ್ನ ಹೆಂಡತಿಯೇ.

ಮಾರನೆಯ ದಿನ ಭಾನುವಾರ. ಅರ್ಧ ಗೇಣಿಗೊಂದು ತೂತು ಎಂದರೆ ಎಷ್ಟಾಗುತ್ತದೆ ಎಂದು ಮೊಮ್ಮಗ ಲೆಕ್ಕ ಹಾಕಿದ. ಒಂದು ಸಾಲಿಗೆ 53, ಅಂಥ 53 ಸಾಲು, ಒಟ್ಟು 2,809. ಲೆಕ್ಕ ಕೇಳಿಯೇ ನನ್ನ ಸೊಂಟ ಹಿಡಿದುಕೊಂಡಿತು. ತುಳಿದು ಸತ್ತ ಮೂರು ಜಾಗಕ್ಕೆ ಮಾತ್ರ ಮಾಡೋಣ, ಚೆನ್ನಾಗಿರುವ ಹುಲ್ಲನ್ನು ಮುಟ್ಟುವುದು ಬೇಡ ಎಂದು ತೀರ್ಮಾನಿಸಿದೆವು. ಅದು ಸೋಮಾರಿತನದ ಮಾತಲ್ಲ. ಸಡಿಲವಾಗಿರುವ ನೆಲಕ್ಕೆ ಈ ಕೆಲಸದಿಂದ ಹೆಚ್ಚಿನ ಲಾಭವೇನೂ ಇಲ್ಲ.

ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಗೇಟಿನ ಹತ್ತಿರ ನಿಂತರು. "ಏನ್ ಮೇಷ್ಟ್ರೇ, ಹುಲ್ಲಿಗೆ ಇಂಜೆಕ್ಷನ್ನಾ?"

"ಇಂಜೆಕ್ಷನ್ ಅಲ್ಲಣ್ಣ, ಮೂಗು ಕೊರೀತಿದ್ದೀವಿ" ಎಂದಳು ಮೊಮ್ಮಗಳು.

ಮೊಮ್ಮಗನಿಗೆ ತನ್ನ ಪಿಚ್ ಹಾಳಾಗುತ್ತದೆಂಬ ಸಂಕಟ. ಅವನಿಗೆ ಚಿನ್ನಸ್ವಾಮಿ ಕ್ರೀಡಾಂಗಣದ ಕಥೆ ಹೇಳಿದೆ. ಕ್ರಿಕೆಟ್ ಪ್ರಿಯರಿಗೆ ನೆನಪಿರಬಹುದು, 2015ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಟೆಸ್ಟ್ ಪಂದ್ಯ. ಎಬಿ ಡಿವಿಲಿಯರ್ಸ್‌ಗೆ ಅದು ನೂರನೇ ಟೆಸ್ಟ್. ಮೊದಲ ದಿನ ದಕ್ಷಿಣ ಆಫ್ರಿಕಾ 214ಕ್ಕೆ ಔಟಾಯಿತು, ಭಾರತ ವಿಕೆಟ್ ಕಳೆದುಕೊಳ್ಳದೆ 80. ಉಳಿದ ನಾಲ್ಕು ದಿನ ಒಂದೇ ಒಂದು ಚೆಂಡೂ ಬೀಳಲಿಲ್ಲ, ಎಲ್ಲವೂ ಮಳೆಯ ಪಾಲು. ಆಮೇಲೆ 2017ರ ಹೊತ್ತಿಗೆ ಆ ಮೈದಾನದ ಹುಲ್ಲಿನಡಿ ಕೊಳವೆಗಳ ಜಾಲ ಬಂತು. ಅದಕ್ಕೆ ಸಬ್‌ಏರ್ ಎಂದು ಹೆಸರು, ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಮೊದಲು ಬಳಕೆಗೆ ಬಂದದ್ದು. ಮಳೆ ಬಂದಾಗ ದೊಡ್ಡ ಯಂತ್ರಗಳು ಮಣ್ಣಿನೊಳಗಿನ ನೀರನ್ನು ಕೆಳಗಿನಿಂದ ಹೀರುತ್ತವೆ. ಅದೇ ಕೊಳವೆಗಳಲ್ಲಿ ಹಿಮ್ಮುಖವಾಗಿ ಗಾಳಿಯನ್ನು ಬೇರಿಗೆ ಊದಲೂ ಬರುತ್ತದೆ! 2024ರ ಮೇ 18ರಂದು ಆರ್‌ಸಿಬಿ ಮತ್ತು ಚೆನ್ನೈ ನಡುವಿನ ಪಂದ್ಯಕ್ಕೆ ಮಳೆ ಅಡ್ಡ ಬಂದರೂ, ನಿಂತ ಸ್ವಲ್ಪ ಹೊತ್ತಿಗೆಲ್ಲ ಆಟ ಮುಂದುವರಿದು ಆರ್‌ಸಿಬಿ ಗೆದ್ದು ಪ್ಲೇಆಫ್‌ಗೆ ಹೋಯಿತಲ್ಲ, ಅದರ ಹಿಂದೆ ಈ ಕೊಳವೆಗಳ ಕೆಲಸವೂ ಇತ್ತು.

"ಪಿಚ್ಚಿಗೂ ಗಾಳಿ ಊದ್ತಾರಾ?" ಎಂದ.

ಇಲ್ಲ, ಅಲ್ಲಿ ಉಲ್ಟಾ. ನಡುವಿನ 22 ಗಜದಲ್ಲಿ ರೋಲರ್ ಉರುಳಿಸಿ ಉರುಳಿಸಿ ಗಾಳಿಯನ್ನು ಹೊರಹಾಕುತ್ತಾರೆ, ಚೆಂಡು ಪುಟಿಯಬೇಕಲ್ಲ. ಸುತ್ತಲಿನ ಹುಲ್ಲಿಗೆ ಗಾಳಿ ಬೇಕು, ಪಿಚ್ಚಿಗೆ ಬೇಡ. ಹಾಗಾಗಿ ಅವನ ಪಿಚ್ಚನ್ನು ಮನೆ ಹಿಂದಿನ ಖಾಲಿ ಜಾಗಕ್ಕೆ ವರ್ಗಾಯಿಸಿದೆವು. ಒಂದು ವಾರ ಮುಖ ಊದಿಸಿಕೊಂಡಿದ್ದ.

ತೆಗೆದ ಮಣ್ಣಿನ ಕೊಳವೆಗಳನ್ನು ಗುಡಿಸಲಿಲ್ಲ. ಹುಲ್ಲಿನ ಮೇಲೆಯೇ ಬಿಟ್ಟೆವು, ಎರಡು ಮಳೆಗೆ ಕರಗಿ ಪುಡಿಯಾದವು. ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರಕ್ಕೆ ಸ್ವಲ್ಪ ಮರಳು ಬೆರೆಸಿ, ಪೊರಕೆಯಲ್ಲಿ ತೂತುಗಳಿಗೆ ತಳ್ಳಿದೆವು. ಉಸಿರು ಕಟ್ಟಿದ ನೆಲಕ್ಕೆ ಮೇಲೆ ಗೊಬ್ಬರ ಚೆಲ್ಲಿ ಪ್ರಯೋಜನ ಕಡಿಮೆ. ನೀರಿನ ಜೊತೆ ಹರಿದುಹೋಗುತ್ತದೆ. ಅದೂ ಅಲ್ಲದೆ, ಗಾಳಿಯಿಲ್ಲದ ಜಾಗದಲ್ಲಿ ಬದುಕುವ ಕೆಲವು ಸೂಕ್ಷ್ಮಜೀವಿಗಳು ಗೊಬ್ಬರದ ಸಾರಜನಕವನ್ನು ಅನಿಲ ಮಾಡಿ ಆಕಾಶಕ್ಕೆ ಬಿಟ್ಟುಬಿಡುತ್ತವೆ. ನಾವು ಹಾಕಿದ್ದು ಹುಲ್ಲಿಗೆ, ಉಂಡದ್ದು ಯಾರೋ.

ಮೂರನೇ ವಾರಕ್ಕೆ ಗರಿಕೆಯ ಬಳ್ಳಿ ಬೋಳು ಜಾಗಕ್ಕೆ ಕೈ ಚಾಚಿತು. ಗೊಬ್ಬರ ಬಿದ್ದ ತೂತುಗಳ ಸುತ್ತ ಚುಕ್ಕಿ ರಂಗೋಲಿಯ ಹಾಗೆ ಹಸಿರು. ಡಬ್ಬದ ಪ್ರಯೋಗ ಮತ್ತೆ ಮಾಡಿದೆವು. ಈ ಸಲ ಮೊಮ್ಮಗಳ ಒಂದು ಜಡೆ ಮುಗಿಯುವಷ್ಟರಲ್ಲಿ ನೀರು ಇಳಿದಿತ್ತು. ಸ್ಕೂಟರಿನ ಮೂಲೆ ಮಾತ್ರ ಸುಧಾರಿಸಲಿಲ್ಲ. ಚಕ್ರ ದಿನಾ ಹತ್ತಿದರೆ ಯಾವ ಗರಿಕೆ ತಾನೇ ಏನು ಮಾಡೀತು?

ಮಗನ ಭಯ ಇದ್ದೇ ಇತ್ತಲ್ಲ, ಅದಕ್ಕೂ ದಾರಿ ಸಿಕ್ಕಿತು. ಸ್ಕೂಟರ್ ಮೂಲೆಗಷ್ಟೇ ಟೈಲ್ಸ್. ಗೇಟಿನಿಂದ ಜಗುಲಿಗೆ ಒಂದೊಂದು ಹೆಜ್ಜೆಗೊಂದು ಒರಟು ಚಪ್ಪಡಿ ಕಲ್ಲು, ನಡುವೆ ಹುಲ್ಲು. ಕಾಲು ಕಲ್ಲಿನ ಮೇಲೆ ಬೀಳುವುದರಿಂದ ಮಣ್ಣು ಮತ್ತೆ ಬಿಗಿಯುವುದೂ ಕಡಿಮೆ. ಅಳತೆಯವರಿಗೆ ಮಗನೇ ಫೋನ್ ಮಾಡಿ, 400 ಅಲ್ಲ 40 ಚದರಡಿ ಸಾಕು ಎಂದ. ಅವರು ಲೈನ್ ಸರಿಯಿಲ್ಲವೇನೋ ಎಂದು ಮತ್ತೊಮ್ಮೆ ಕೇಳಿದರಂತೆ.

ಮುಂದಿನ ತೂತುಗಳನ್ನು ನಾವೇ ಕೊರೆಯಬೇಕಾಗಿಲ್ಲ ಎಂಬುದು ನನ್ನ ಆಸೆ. ಆಗಸ್ಟಿನ ಒಂದು ಬೆಳಿಗ್ಗೆ ಹುಲ್ಲಿನ ನಡುವೆ ಸಣ್ಣ ಸಣ್ಣ ಮಣ್ಣಿನ ಗುಪ್ಪೆಗಳು ಕಂಡವು. ಎರೆಹುಳು ಬಂದಿವೆ! ಅವುಗಳಿಗೂ ಶ್ವಾಸಕೋಶವಿಲ್ಲ, ಒದ್ದೆ ಚರ್ಮದಿಂದಲೇ ಉಸಿರಾಡುತ್ತವೆ. ಬಿಗಿದ ನೆಲ ಅವಕ್ಕೆ ಒಗ್ಗದು. ನೆಲ ಸಡಿಲವಾಯಿತೆಂದರೆ ಬರುತ್ತವೆ, ಬಂದ ಮೇಲೆ ತಾವೇ ಸುರಂಗ ಕೊರೆದು ಇನ್ನಷ್ಟು ಸಡಿಲ ಮಾಡುತ್ತವೆ. ಚಾರ್ಲ್ಸ್ ಡಾರ್ವಿನ್ ಇವುಗಳ ಬಗ್ಗೆ 1837ರಲ್ಲೇ ಪ್ರಬಂಧ ಓದಿದ್ದರು, 1881ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಎರೆಹುಳುವಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಮನೆಮಂದಿಯನ್ನೆಲ್ಲ ಸೇರಿಸಿ ಪಿಯಾನೊ, ಪೀಪಿ ಬಾರಿಸಿದರು. ಹುಳುಗಳು ಅಲ್ಲಾಡಲಿಲ್ಲ. ಅವಿದ್ದ ಕುಂಡವನ್ನು ಪಿಯಾನೊ ಮೇಲೆಯೇ ಇಟ್ಟು ಬಾರಿಸಿದಾಗ ಮಾತ್ರ ಅದುರಿಗೆ ಹೆದರಿ ಬಿಲ ಸೇರಿದವು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ ಎರೆಹುಳುವನ್ನು ಸಾವಯವ ಕೃಷಿಯ ಸಿಂಡ್ರೆಲಾ ಎಂದು ಕರೆದು, ಅದೇ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕ ಬರೆದಿದ್ದಾರೆ. ಮನೆಯ ಕೆಲಸವೆಲ್ಲ ಮಾಡಿ ಮೂಲೆಯಲ್ಲಿ ಕೂರುವವಳಲ್ಲವೇ ಸಿಂಡ್ರೆಲಾ!

ನಮ್ಮ ತಾಲ್ಲೂಕಿನಲ್ಲಿ ತೋಟ ಮಾಡಿದ್ದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು, 2019ರ ಜನವರಿಯಲ್ಲಿ ತೀರಿಕೊಂಡರು, ಬಂದವರಿಗೆಲ್ಲ ಮಣ್ಣಿಗೆ ಎಲೆ, ಕಸಕಡ್ಡಿಯ ಹೊದಿಕೆ ಹಾಕಿ ಎನ್ನುತ್ತಿದ್ದರು. ಹೊದಿಕೆಯಿದ್ದರೆ ಎರೆಹುಳುವಿಗೆ ಊಟ ಸಿಗುತ್ತದೆ, ಉಳುವ ಕೆಲಸವನ್ನು ಅದು ನೋಡಿಕೊಳ್ಳುತ್ತದೆ. ರೋಟವೇಟರನ್ನು ವರ್ಷ ವರ್ಷ ಒಂದೇ ಆಳಕ್ಕೆ ಹೊಡೆಯುವ ಹೊಲಗಳಲ್ಲಿ, ಮೇಲೆ ಹಿಟ್ಟಿನಂತಿದ್ದರೂ ಅದರ ಕೆಳಗೆ ಒಂದು ಗಟ್ಟಿ ಪದರ ಕೂರುತ್ತದೆ. ರೈತ ಕುಟುಂಬದವರು ಇದನ್ನೂ ಗಮನಿಸಬೇಕು.

ನಿಮ್ಮ ಅಂಗಳದಲ್ಲೂ ಮಾಡುವುದಾದರೆ ಜೂನ್‌ನಿಂದ ಆಗಸ್ಟ್‌ವರೆಗೆ ಸರಿಯಾದ ಕಾಲ, ಆಗ ಹುಲ್ಲು ಬೇಗ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬೇಡ, ತೂತಿನಿಂದ ಬೇರು ಒಣಗುತ್ತದೆ. ಹೊಸದಾಗಿ ಹಾಸಿದ ಹುಲ್ಲಿಗೆ ಬೇರು ಹಿಡಿಯಲು ಒಂದು ವರ್ಷ ಬಿಡಿ. ನೀರಿನ ಪೈಪು, ಮೋಟರಿನ ವೈರು ಎಲ್ಲಿ ಹೋಗಿದೆ ಎಂದು ಮೊದಲೇ ಕೇಳಿಕೊಳ್ಳಿ. ಮಕ್ಕಳು ಬರಿಗಾಲಲ್ಲಿ ಪೈಪ್ ಒತ್ತಬಾರದು, ಶೂ ಇರಲಿ. ಒತ್ತುವುದು ದೊಡ್ಡವರು, ಕಡ್ಡಿಯಿಂದ ಮಣ್ಣು ನೂಕುವುದು ಚಿಕ್ಕವರು ಎಂದು ಹಂಚಿಕೊಂಡರೆ ಜಗಳವಿಲ್ಲ. ನಮ್ಮ ಎರಡು ಕೊಳವೆಯ ಉಪಕರಣವನ್ನು ಸದ್ಯ ಹಿಂದಿನ ಬೀದಿಯವರು ಒಯ್ದಿದ್ದಾರೆ. ಅವರಾದ ಮೇಲೆ ಇನ್ನಿಬ್ಬರು ಕೇಳಿದ್ದಾರೆ.